ಗುರುತಿಲ್ಲದವರ ಕೈಯಲ್ಲಿ ದೇವರ ನಡೆಸುವಿಕೆ: ಕ್ರೈಸ್ತ ನಂಬಿಕೆ ಹೇಳುವುದೇನು?

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳಲು ಎದ್ದವರು ಪ್ರಯಾಣದ ಮಾತು ತೆಗೆದರೆ ಕತೆ ಹೆಚ್ಚೂಕಮ್ಮಿ ಒಂದೇ ಜಾಡಿನಲ್ಲಿ ಸಾಗುತ್ತದೆ. ನಡುರಾತ್ರಿ ಬಸ್ಸು ಕೆಟ್ಟು ನಿಂತಿತು. ಊರು ಗೊತ್ತಿಲ್ಲ, ಭಾಷೆ ಬಾರದು. ಎಲ್ಲಿಂದಲೋ ಒಬ್ಬರು ಬಂದರು, ಬೈಕಿನಲ್ಲಿ ಕೂರಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟರು, ಹೆಸರು ಕೇಳುವಷ್ಟರಲ್ಲಿ ಹೊರಟೇಹೋದರು. ಕೊನೆಯ ಮಾತು: “ಅವರನ್ನು ದೇವರೇ ಕಳಿಸಿದ್ದು.” ಕೂತವರೆಲ್ಲ “ಸ್ತೋತ್ರ” ಎನ್ನುತ್ತಾರೆ.

ಈ ಮಾತಿನ ಬಗ್ಗೆ ನನಗೆ ಗೌರವವಿದೆ. ಕಷ್ಟದಲ್ಲಿ ಸಿಕ್ಕ ಉಪಕಾರವನ್ನು ಮರೆಯದ ಮನಸ್ಸು ಅದರ ಹಿಂದಿದೆ. ಆದರೂ ಹೊರಗಿನಿಂದ ಕೇಳುವವರಿಗೆ ಎರಡು ಪ್ರಶ್ನೆ ಹುಟ್ಟುವುದು ಸಹಜ, ಕೂಟದ ಒಳಗೆ ಕೂತವರಲ್ಲೂ ಕೆಲವರಿಗೆ ಹುಟ್ಟುತ್ತವೆ. ನಿದ್ದೆಗೆಟ್ಟವನು ಆ ಮನುಷ್ಯ, ಪೆಟ್ರೋಲು ಅವನದು. ಹಾಗಿದ್ದಮೇಲೆ ಸ್ತೋತ್ರ ದೇವರಿಗೇಕೆ? ಅದಕ್ಕಿಂತ ಭಾರವಾದದ್ದು ಎರಡನೆಯದು: ಅಂಥದೇ ಇನ್ನೊಂದು ರಾತ್ರಿ, ಇನ್ನೊಂದು ರಸ್ತೆಯಲ್ಲಿ, ಯಾರೂ ಬಾರದೆ ಉಳಿದವರನ್ನು ದೇವರು ಮರೆತನೇ?

ಕ್ರೈಸ್ತ ನಂಬಿಕೆ ಈ ಎರಡನ್ನೂ ಬದಿಗೆ ಸರಿಸುವುದಿಲ್ಲ. ಅದರ ಉತ್ತರವನ್ನು ತಿಳಿಯಲು ಸಿದ್ಧಾಂತದ ಪುಸ್ತಕಗಳಿಗಿಂತ ಮೊದಲು ಒಂದು ಹಡಗಿನ ಕತೆ ಓದುವುದು ಒಳ್ಳೆಯದು. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 27 ಮತ್ತು 28ನೇ ಅಧ್ಯಾಯಗಳಲ್ಲಿ ಅದು ಇದೆ.

ಮಾಲ್ಟಾದ ದಡದಲ್ಲಿ

ಕ್ರಿ.ಶ. 60ರ ಆಸುಪಾಸು. ಯೇಸುವಿನ ಸಂದೇಶ ಸಾರುತ್ತಿದ್ದ ಅಪೊಸ್ತಲ ಪೌಲ ಕೈಸರೈಯ ಪಟ್ಟಣದಲ್ಲಿ ಎರಡು ವರ್ಷ ಸೆರೆಯಲ್ಲಿದ್ದಾನೆ. ತನ್ನ ವಿಚಾರಣೆ ರೋಮಿನಲ್ಲಿ ಚಕ್ರವರ್ತಿಯ ಮುಂದೆಯೇ ಆಗಲಿ ಎಂದು ಕೇಳಿಕೊಂಡಿದ್ದಾನೆ. ಇದಕ್ಕೂ ಮೊದಲು ಯೆರೂಸಲೇಮಿನಲ್ಲಿ ಒಂದು ರಾತ್ರಿ ಕರ್ತನು ಅವನ ಬಳಿ ನಿಂತು, ನೀನು ರೋಮಿನಲ್ಲಿಯೂ ಸಾಕ್ಷಿ ಹೇಳಬೇಕು ಎಂದು ಧೈರ್ಯ ತುಂಬಿದ್ದುಂಟು. ಅಂದರೆ ಗುರಿ ದೇವರಿಂದಲೇ ಗೊತ್ತಾಗಿದೆ. ದಾರಿ ಮಾತ್ರ ಗೊತ್ತಾಗಿಲ್ಲ.

ಕೈದಿಗಳನ್ನು ಕರೆದೊಯ್ಯುವ ಹೊಣೆ ಯೂಲ್ಯ ಎಂಬ ರೋಮನ್ ಶತಾಧಿಪತಿಯದು, ಅಂದರೆ ನೂರು ಸಿಪಾಯಿಗಳ ಮುಖಂಡನದು. ಹಡಗು ಮಾರನೆಯ ದಿನ ಸೀದೋನಿಗೆ ಬಂದಾಗ ಅವನು ಪೌಲನನ್ನು ಸ್ನೇಹಿತರ ಬಳಿ ಹೋಗಿ ಸುಧಾರಿಸಿಕೊಂಡು ಬರಲು ಬಿಡುತ್ತಾನೆ. ಕಾವಲುಗಾರನೊಬ್ಬ ಕೈದಿಗೆ ತೋರಿದ ಈ ದಯೆಯನ್ನು ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಮುಂದೆ ಮುರ ಎಂಬ ಊರಿನಲ್ಲಿ ಇಟಲಿಗೆ ಹೊರಟಿದ್ದ ಅಲೆಕ್ಸಾಂದ್ರಿಯದ ಗೋದಿ ಹಡಗಿಗೆ ಬದಲಾಯಿಸುತ್ತಾರೆ. ಚಳಿಗಾಲ ಹತ್ತಿರವಾಗಿದೆ, ಸಮುದ್ರಯಾನಕ್ಕೆ ಅಪಾಯದ ಕಾಲ. ಹೊರಡುವುದು ಬೇಡವೆಂದು ಪೌಲ ಎಚ್ಚರಿಸಿದರೂ ಶತಾಧಿಪತಿ ಹಡಗಿನ ಯಜಮಾನನ ಮಾತಿಗೆ ಬೆಲೆ ಕೊಡುತ್ತಾನೆ. ಕ್ರೇತ ದ್ವೀಪ ದಾಟುವಷ್ಟರಲ್ಲಿ ಬಿರುಗಾಳಿ ಹಿಡಿಯುತ್ತದೆ. ಎಷ್ಟೋ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರಗಳೂ ಕಾಣಲಿಲ್ಲ. ಬದುಕುವ ಆಸೆಯನ್ನೇ ಬಿಟ್ಟೆವು ಎಂದು ಬರೆಯುವ ಲೂಕ ತಾನೂ ಆ ಹಡಗಿನಲ್ಲಿದ್ದವನಂತೆ “ನಾವು” ಎಂದೇ ಬರೆಯುತ್ತಾನೆ.

ಇಲ್ಲಿಂದ ಕತೆಯನ್ನು ನಿಧಾನವಾಗಿ ಓದಬೇಕು. ಬಿರುಗಾಳಿಯ ನಡುವೆ ದೇವದೂತ ಪೌಲನಿಗೆ ಕಾಣಿಸಿಕೊಂಡು, ಹಡಗಿನಲ್ಲಿರುವ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ಮಾತು ಕೊಡುತ್ತಾನೆ. ಹದಿನಾಲ್ಕನೆಯ ರಾತ್ರಿ ಗುಂಡು ಇಳಿಬಿಟ್ಟು ಆಳ ನೋಡಿದಾಗ ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು. ನೆಲ ಹತ್ತಿರವಾಗಿದೆ. ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು ಬೆಳಗಾಗಲೆಂದು ಕಾಯುತ್ತಾರೆ. ಆಗ ನಾವಿಕರು ಮುಂಭಾಗದಿಂದಲೂ ಲಂಗರು ಬಿಡುವ ನೆಪ ಹೇಳಿ, ಚಿಕ್ಕ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಪೌಲ ಶತಾಧಿಪತಿಗೂ ಸಿಪಾಯಿಗಳಿಗೂ ಹೇಳುತ್ತಾನೆ: ಇವರು ಹಡಗಿನಲ್ಲಿ ಉಳಿಯದಿದ್ದರೆ ನಿಮ್ಮ ಜೀವ ಉಳಿಯುವುದಿಲ್ಲ.

ಎಲ್ಲರೂ ಬದುಕುತ್ತಾರೆಂದು ದೇವರ ಮಾತೇ ಇರುವಾಗ ನಾವಿಕರು ಇದ್ದರೇನು, ಹೋದರೇನು? ಪೌಲ ಹಾಗೆ ಯೋಚಿಸಲಿಲ್ಲ. ದೇವರ ಮಾತು ನಡೆಯುವುದು ಹಗ್ಗ, ಹಾಯಿ ಬಲ್ಲ ಈ ಮನುಷ್ಯರ ಮೂಲಕವೇ ಎಂದು ಅವನಿಗೆ ಗೊತ್ತಿತ್ತು. ವಾಗ್ದಾನ ಇದೆಯೆಂದು ಮನುಷ್ಯರ ಕೆಲಸ ತಪ್ಪುವುದಿಲ್ಲ, ಮನುಷ್ಯರು ಕೆಲಸ ಮಾಡಿದರೆಂದು ವಾಗ್ದಾನ ಸುಳ್ಳಾಗುವುದೂ ಇಲ್ಲ. ದೇವರ ನಡೆಸುವಿಕೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜಾಗ ಬೈಬಲಿನಲ್ಲಿ ಇನ್ನೊಂದು ಇದೆಯೋ ಇಲ್ಲವೋ, ನನಗಂತೂ ಸಿಕ್ಕಿಲ್ಲ.

ಬೆಳಗಾಯಿತು. ಹಡಗು ಮರಳಿಗೆ ಹೂತು, ಹಿಂಭಾಗ ಅಲೆಗಳ ಹೊಡೆತಕ್ಕೆ ಒಡೆಯತೊಡಗಿತು. ಕೈದಿಗಳು ಈಜಿ ಓಡಿಹೋಗದಂತೆ ಕೊಂದುಬಿಡೋಣ ಎಂದು ಸಿಪಾಯಿಗಳು ಆಲೋಚಿಸಿದರು. ಪೌಲನನ್ನು ಉಳಿಸಬೇಕೆಂದಿದ್ದ ಯೂಲ್ಯ ಅದನ್ನು ತಡೆದ. ಈಜು ಬಲ್ಲವರು ಈಜಿದರು, ಬಾರದವರು ಹಲಗೆಗಳನ್ನು ಹಿಡಿದುಕೊಂಡರು. 276 ಜನ, ಒಬ್ಬರೂ ಕಡಿಮೆಯಾಗದೆ ದಡ ಸೇರಿದರು.

ದಡದ ಮೇಲೆ ಯಾರಿದ್ದರು? ಪೌಲನ ಹೆಸರನ್ನೂ ಕೇಳದವರು, ಅವನ ದೇವರನ್ನೂ ಅರಿಯದವರು, ಬೇರೆಯೇ ಭಾಷೆಯ ಮಾಲ್ಟಾ ದ್ವೀಪದ ಜನ. ಮಳೆ ಸುರಿಯುತ್ತಿತ್ತು, ಚಳಿ ಇತ್ತು. ಅವರು ಬೆಂಕಿ ಹಾಕಿ ಎಲ್ಲರನ್ನೂ ಹತ್ತಿರ ಕರೆದರು. ನಮಗೆ ಅವರು ತೋರಿದ್ದು ಸಾಮಾನ್ಯವಾದ ದಯೆಯಲ್ಲ ಎಂದು ಲೂಕ ಬರೆದಿಟ್ಟಿದ್ದಾನೆ. ದ್ವೀಪದ ಮುಖ್ಯಸ್ಥ ಪೊಪ್ಲಿಯ ಮೂರು ದಿನ ಮನೆಯಲ್ಲಿ ಸತ್ಕರಿಸಿದ. ಅವನ ತಂದೆ ಜ್ವರ, ರಕ್ತಭೇದಿಯಿಂದ ಮಲಗಿದ್ದಾಗ ಪೌಲ ಪ್ರಾರ್ಥಿಸಿ ವಾಸಿಮಾಡಿದ ಎಂಬುದೂ ಅಲ್ಲೇ ಇದೆ. ಪಡೆದವನು ಸುಮ್ಮನೆ ಪಡೆದುಕೊಂಡೇ ಇರಲಿಲ್ಲ. ಮೂರು ತಿಂಗಳ ನಂತರ ಹೊರಡುವಾಗ ದ್ವೀಪದವರು ಬೇಕಾದದ್ದನ್ನೆಲ್ಲ ಹಡಗಿಗೆ ತುಂಬಿಸಿ ಕಳಿಸಿದರು. ಮಾಲ್ಟಾದಲ್ಲಿ ಇಂದಿಗೂ ಫೆಬ್ರವರಿ 10ರಂದು ಪೌಲನ ಹಡಗು ಒಡೆದ ದಿನವನ್ನು ಹಬ್ಬವಾಗಿ ಆಚರಿಸುತ್ತಾರೆ, ಸಾರ್ವಜನಿಕ ರಜೆ ಇರುತ್ತದೆ. ಕಷ್ಟಕ್ಕೆ ಸಿಕ್ಕ ಪರಕೀಯರು ಬಂದಿಳಿದ ದಿನ ಒಂದು ದೇಶಕ್ಕೆ ಹಬ್ಬವಾಗಿರುವುದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಲೆಕ್ಕ ಹಾಕಿ ನೋಡಿ. ಪೌಲ ರೋಮಿಗೆ ಮುಟ್ಟಲು ಯಾರು ಯಾರು ಬೇಕಾದರು? ಒಬ್ಬ ರೋಮನ್ ಅಧಿಕಾರಿ, ಓಡಿಹೋಗಲು ಹೊರಟಿದ್ದ ನಾವಿಕರು, ದ್ವೀಪದ ಜನ, ಒಡೆದ ಹಡಗಿನ ಹಲಗೆಗಳು. ದೇವದೂತ ಬಂದದ್ದು ಒಂದೇ ರಾತ್ರಿ. ಅವನು ಹಡಗನ್ನು ಎತ್ತಿ ದಡಕ್ಕಿಡಲಿಲ್ಲ, ಒಂದು ಮಾತು ಹೇಳಿ ಹೋದ. ಉಳಿದದ್ದೆಲ್ಲ ಮನುಷ್ಯರ ಕೈಯಿಂದ ಆಯಿತು.

ಯಾರಿಗೆ ಎಷ್ಟು ಪಾಲು?

ಮೊದಲ ಪ್ರಶ್ನೆಯ ಗಂಟು ಇರುವುದು ಪಾಲು ಹಂಚುವ ನಮ್ಮ ಅಭ್ಯಾಸದಲ್ಲಿ. ದೇವರು ಮಾಡಿದ್ದು ಹೆಚ್ಚಾದರೆ ಮನುಷ್ಯ ಮಾಡಿದ್ದು ಕಡಿಮೆ, ಮನುಷ್ಯ ಮಾಡಿದ್ದು ಹೆಚ್ಚಾದರೆ ದೇವರದು ಕಡಿಮೆ ಎಂದುಕೊಳ್ಳುತ್ತೇವೆ. ಕ್ರೈಸ್ತ ಚಿಂತಕರು ಬಹಳ ಹಿಂದೆಯೇ ಇದನ್ನು ಒಪ್ಪಲಿಲ್ಲ. ಪೌಲನೇ ಕೊರಿಂಥದವರಿಗೆ ಹೊಲದ ಮಾತು ಹೇಳಿದ್ದಾನೆ: ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು. ರೈತನನ್ನು ಕೇಳಿದರೂ ಇದೇ ಮಾತು. ಬೆಳೆ ಬಂದದ್ದು ಅರ್ಧ ಮಳೆಯಿಂದ, ಅರ್ಧ ತನ್ನ ದುಡಿಮೆಯಿಂದ ಎಂದು ಯಾವ ರೈತನೂ ಭಾಗ ಮಾಡುವುದಿಲ್ಲ. ದುಡಿಮೆ ಪೂರ್ತಿ ಅವನದು, ಬೆಳೆ ಪೂರ್ತಿ ದೇವರ ಕೃಪೆ.

13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ಚಿಂತಕ ಇದಕ್ಕೆ ಒಂದು ಚೌಕಟ್ಟು ಕೊಟ್ಟ. ದೇವರು ಮೂಲ ಕಾರಣ, ಸೃಷ್ಟಿಯಲ್ಲಿರುವ ಮನುಷ್ಯರೂ ವಸ್ತುಗಳೂ ಆತನ ಅಡಿಯಲ್ಲಿ ನಿಜವಾಗಿ ಕೆಲಸ ಮಾಡುವ ಎರಡನೆಯ ಹಂತದ ಕಾರಣಗಳು. ಇವು ಒಂದರ ಪಕ್ಕ ಒಂದು ನಿಂತು ಪೈಪೋಟಿ ನಡೆಸುವುದಿಲ್ಲ, ಒಂದು ಇನ್ನೊಂದರ ಒಳಗಿನಿಂದ ನಡೆಯುತ್ತದೆ. ದೇವರಿಗೆ ನೇರವಾಗಿ ಎಲ್ಲ ಮಾಡುವ ಶಕ್ತಿ ಇರುವಾಗ ಇಷ್ಟೆಲ್ಲ ಮಧ್ಯಸ್ಥರು ಏಕೆ ಎಂಬುದಕ್ಕೆ ಅಕ್ವಿನಾಸ್ ಕೊಡುವ ಉತ್ತರ ಮನಮುಟ್ಟುವಂಥದು: ಅದು ಆತನ ಶಕ್ತಿಯ ಕೊರತೆಯಿಂದಲ್ಲ, ಒಳ್ಳೆಯತನ ತುಂಬಿ ಹರಿಯುವುದರಿಂದ, ಒಳಿತಿಗೆ ಕಾರಣವಾಗುವ ಘನತೆಯನ್ನು ಆತ ಸೃಷ್ಟಿಗೂ ಹಂಚಿಕೊಡುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ನಡುರಾತ್ರಿ ಬೈಕು ನಿಲ್ಲಿಸಿದ ಆ ಮನುಷ್ಯ ದೇವರ ಕೈಯಲ್ಲಿನ ಸಲಕರಣೆ ಮಾತ್ರ ಅಲ್ಲ. ನಿಲ್ಲಿಸದೆ ಹೋಗುವ ಸ್ವಾತಂತ್ರ್ಯ ಅವನಿಗಿತ್ತು. ನಿಲ್ಲಿಸಿದ ಪುಣ್ಯ ಅವನದೇ. ನಿಲ್ಲಿಸುವ ಮನಸ್ಸು ಮನುಷ್ಯರಲ್ಲಿ ಇರುವುದೇ ದೇವರ ಕೊಡುಗೆ.

ಪ್ರೊಟೆಸ್ಟಂಟ್ ಸುಧಾರಕರು ಬಹಳ ವಿಷಯಗಳಲ್ಲಿ ಅಕ್ವಿನಾಸನಿಂದ ದೂರ ಸರಿದರೂ ಇಲ್ಲಿ ಹತ್ತಿರವೇ ನಿಂತಿದ್ದಾರೆ. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ದೊಡ್ಡ ಧರ್ಮಬೋಧೆಯಲ್ಲಿ, ಸೃಷ್ಟಿಯಲ್ಲಿರುವವೆಲ್ಲ ದೇವರು ನಮಗೆ ಕೊಡುವ ಕೈಗಳು, ಕಾಲುವೆಗಳು ಎನ್ನುತ್ತಾನೆ. ಮಗುವಿಗಾಗಿ ತಾಯಿಗೆ ಹಾಲು ಕೊಡುವಂತೆ. ಜಾನ್ ಕಾಲ್ವಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಡತೆಯ ಮಾತು ಹೇಳುತ್ತಾನೆ. ಎಲ್ಲವೂ ದೇವರಿಂದ ಎಂದು ನಂಬುವವನು ಉಪಕಾರ ಮಾಡಿದ ಮನುಷ್ಯನನ್ನು ಕಡೆಗಣಿಸಬಾರದು, ಅವನನ್ನು ದೇವರ ಒಳ್ಳೆಯತನದ ಸೇವಕನೆಂದು ಗೌರವಿಸಿ ಅವನಿಗೂ ಋಣಿಯಾಗಿರಬೇಕು. ಆದ್ದರಿಂದ “ದೇವರು ಮಾಡಿದ, ನಿಮಗೇನು ಥ್ಯಾಂಕ್ಸ್ ಹೇಳುವುದು” ಎಂಬ ಧಾಟಿ ಕ್ರೈಸ್ತ ನಂಬಿಕೆಗೆ ಹೊರತಾದದ್ದು. ಸಾಕ್ಷಿ ಹೇಳುವವರು ಆ ಮನುಷ್ಯನ ಹೆಸರು ಕೇಳಿಕೊಂಡು ಬಂದು, ದೇವರ ಹೆಸರಿನ ಜೊತೆ ಅವನ ಹೆಸರನ್ನೂ ಹೇಳಿದರೆ ಆ ಸಾಕ್ಷಿಯ ತೂಕ ಹೆಚ್ಚುತ್ತದೆ ಎಂದು ನಾನು ನಂಬಿದ್ದೇನೆ.

ಬಾವಿಯ ಬಳಿ ಸಿಕ್ಕವಳು, ಹೊಲದಲ್ಲಿ ಸಿಕ್ಕವನು

ಹಾಗಾದರೆ ದಾರಿಯಲ್ಲಿ ಸಿಕ್ಕ ಒಬ್ಬರ ಸಹಾಯವನ್ನು ದೇವರ ನಡೆಸುವಿಕೆ ಎಂದು ತಿಳಿಯುವುದು ಹೇಗೆ? ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಇದಕ್ಕೆ ಎರಡು ಕತೆಗಳಿವೆ. ಒಂದನ್ನು ಎಲ್ಲರೂ ಬಲ್ಲರು, ಇನ್ನೊಂದು ಓದುತ್ತ ಓದುತ್ತ ಕಣ್ತಪ್ಪಿ ಹೋಗುವಷ್ಟು ಚಿಕ್ಕದು.

ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ಹುಡುಕಲು ಹತ್ತು ಒಂಟೆಗಳೊಂದಿಗೆ ದೂರದ ನಾಹೋರನ ಊರಿಗೆ ಹೋಗುತ್ತಾನೆ. ಸಂಜೆ, ನೀರು ಸೇದುವ ಹೊತ್ತು. ಬಾವಿಯ ಬಳಿ ನಿಂತು ಪ್ರಾರ್ಥಿಸುತ್ತಾನೆ: ನಾನು ಕುಡಿಯಲು ನೀರು ಕೇಳಿದಾಗ, ನಿನ್ನ ಒಂಟೆಗಳಿಗೂ ಕೊಡುತ್ತೇನೆ ಎನ್ನುವವಳೇ ನೀನು ಗೊತ್ತುಮಾಡಿದವಳಾಗಲಿ. ಅವನು ಕೇಳಿದ ಗುರುತನ್ನು ಗಮನಿಸಿ. ಆಕಾಶದಲ್ಲಿ ಮಿಂಚು ಕೇಳಲಿಲ್ಲ, ಬಟ್ಟೆಯ ಬಣ್ಣ ಕೇಳಲಿಲ್ಲ. ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರಿನಷ್ಟು ನೀರು ಕುಡಿಯಬಲ್ಲದು. ಹತ್ತು ಒಂಟೆಗಳಿಗೆ ಕೊಡದಿಂದ ನೀರು ಹೊರುವುದೆಂದರೆ ಬೆನ್ನು ಮುರಿಯುವ ಕೆಲಸ. ಗುರುತಿಲ್ಲದವನ ಒಂಟೆಗಳಿಗೆ, ಅವನು ಕೇಳದೆಯೇ, ಅಷ್ಟು ಮಾಡುವ ಹುಡುಗಿಯ ಗುಣವನ್ನೇ ಅವನು ದೇವರ ಗುರುತಾಗಿ ಕೇಳಿದ. ರೆಬೆಕ್ಕ ಓಡಿ ಓಡಿ ನೀರು ತಂದು ತೊಟ್ಟಿ ತುಂಬಿಸಿದಳು.

ಅಷ್ಟಾದರೂ ಅವನು ಅವಸರ ಮಾಡಲಿಲ್ಲ. ತನ್ನ ಪ್ರಯಾಣವನ್ನು ಯೆಹೋವನು ಸಫಲಮಾಡಿದನೋ ಇಲ್ಲವೋ ಎಂದು ತಿಳಿಯಲು ಸುಮ್ಮನೆ ಅವಳನ್ನು ನೋಡುತ್ತಿದ್ದ ಎಂದಿದೆ. ಅವಳು ಯಾರ ಮಗಳೆಂದು ಕೇಳಿದ. ಮನೆಯವರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಕೊನೆಗೆ ಹುಡುಗಿಯನ್ನೇ ಕರೆದು “ಹೋಗುತ್ತೀಯಾ?” ಎಂದು ಮನೆಯವರು ಕೇಳಿದರು. ಅವಳು ಒಪ್ಪದಿದ್ದರೆ ಸೇವಕನಿಗೆ ಆಣೆಯಿಂದ ಬಿಡುಗಡೆ ಎಂದು ಅಬ್ರಹಾಮ ಮೊದಲೇ ಹೇಳಿದ್ದ. ದೇವರೇ ನಡೆಸಿದ ಎಂಬ ನಂಬಿಕೆ ಇನ್ನೊಬ್ಬರ ಒಪ್ಪಿಗೆಯನ್ನು ತುಳಿಯುವ ಹಕ್ಕು ಕೊಡುವುದಿಲ್ಲ. “ದೇವರು ನಿಮ್ಮನ್ನು ನನಗಾಗಿ ಕಳಿಸಿದ್ದಾರೆ” ಎಂದು ಹೇಳಿಕೊಂಡು ಪ್ರಯಾಣಿಕರನ್ನು, ಅದರಲ್ಲೂ ಒಂಟಿ ಹೆಣ್ಣುಮಕ್ಕಳನ್ನು, ಬಲೆಗೆ ಹಾಕುವವರೂ ಇರುವ ಕಾಲದಲ್ಲಿ ಈ ಭಾಗವನ್ನು ಮತ್ತೆ ಮತ್ತೆ ಓದಬೇಕು. ಸೈತಾನನೂ ಬೆಳಕಿನ ದೂತನ ವೇಷ ಹಾಕುತ್ತಾನೆಂದು ಪೌಲ ಎಚ್ಚರಿಸಿದ್ದಾನೆ. ವಿಚಾರಿಸಿ ನೋಡುವುದು ಅಪನಂಬಿಕೆಯಲ್ಲ, ಆ ಸೇವಕ ಮಾಡಿದ್ದೂ ಅದನ್ನೇ.

ಎರಡನೆಯ ಕತೆ 37ನೇ ಅಧ್ಯಾಯದಲ್ಲಿ ಮೂರೇ ವಚನಗಳಲ್ಲಿ ಮುಗಿಯುತ್ತದೆ. ಹದಿನೇಳರ ಹುಡುಗ ಯೋಸೇಫ ಅಪ್ಪನ ಮಾತಿನಂತೆ ಅಣ್ಣಂದಿರನ್ನು ನೋಡಲು ಶೆಕೆಮಿಗೆ ಬಂದಿದ್ದಾನೆ. ಅವರು ಅಲ್ಲಿಲ್ಲ. ಹೊಲದಲ್ಲಿ ಅಲೆಯುತ್ತಿರುವ ಅವನನ್ನು ಒಬ್ಬ ಮನುಷ್ಯ ಕಂಡು “ಏನು ಹುಡುಕುತ್ತಿದ್ದೀ?” ಎಂದು ತಾನಾಗಿಯೇ ಕೇಳುತ್ತಾನೆ. ಅವರು ದೋತಾನಿಗೆ ಹೋಗೋಣ ಎಂದದ್ದು ನನ್ನ ಕಿವಿಗೆ ಬಿತ್ತು ಎಂದು ದಾರಿ ತೋರಿಸುತ್ತಾನೆ. ಅಷ್ಟೇ. ಹೆಸರಿಲ್ಲ, ಊರಿಲ್ಲ, ಮುಂದೆ ಅವನ ಸುದ್ದಿಯೇ ಇಲ್ಲ.

ಆ ಒಳ್ಳೆಯ ಮನುಷ್ಯ ತೋರಿಸಿದ ಸರಿಯಾದ ದಾರಿ ಯೋಸೇಫನನ್ನು ಎಲ್ಲಿಗೆ ಮುಟ್ಟಿಸಿತು? ಅಣ್ಣಂದಿರೇ ಅವನನ್ನು ತಳ್ಳಿದ ನೀರಿಲ್ಲದ ಬಾವಿಗೆ. ಅಲ್ಲಿಂದ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ವ್ಯಾಪಾರಿಗಳ ಕೈಗೆ, ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವಕ್ಕೆ, ಸೆರೆಮನೆಗೆ. ಆ ಮನುಷ್ಯ ಅಂದು ಸಿಗದೇ ಹೋಗಿದ್ದರೆ ಹುಡುಗ ಸುಮ್ಮನೆ ಮನೆಗೆ ಮರಳುತ್ತಿದ್ದನೇನೋ. ಆಗ ಮುಂದೆ ಬರದ ಕಾಲದಲ್ಲಿ ಐಗುಪ್ತದ ಕಣಜಗಳ ಬಳಿ ಅಣ್ಣಂದಿರಿಗೆ ಧಾನ್ಯ ಕೊಡುವವನು ಇರುತ್ತಿರಲಿಲ್ಲ. ಕಡೆಯಲ್ಲಿ ಯೋಸೇಫ ಅಣ್ಣಂದಿರಿಗೆ ಹೇಳುವ ಮಾತು ಇಡೀ ವಿಷಯದ ತಿರುಳು: ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನೇ ಒಳ್ಳೆಯದಕ್ಕೆಂದು ಎಣಿಸಿದನು. ಅಣ್ಣಂದಿರ ಕೇಡು ಕೇಡಾಗಿಯೇ ಉಳಿಯಿತು, ಅದಕ್ಕೆ ಅವನು ಬೇರೆ ಬಣ್ಣ ಬಳಿಯಲಿಲ್ಲ. ಆದರೆ ಈ ಮಾತು ಹೇಳಲು ಅವನಿಗೆ ಎಷ್ಟೋ ವರ್ಷ ಬೇಕಾದವು. ಬಾವಿಯೊಳಗೆ ಕೂತಾಗ ಅವನು ಸಾಕ್ಷಿ ಹೇಳಲಿಲ್ಲ. ಅಣ್ಣಂದಿರನ್ನು ಅಂಗಲಾಚಿ ಬೇಡಿಕೊಂಡನೆಂದು ಅಣ್ಣಂದಿರೇ ಮುಂದೆ ನೆನಪಿಸಿಕೊಳ್ಳುತ್ತಾರೆ.

ಎಲ್ಲ ಸುಸೂತ್ರವಾದರೆ ದೇವರು ನಡೆಸಿದ ಎನ್ನುವುದು ನಮ್ಮ ರೂಢಿ. ಶೆಕೆಮಿನ ಕತೆ ಆ ರೂಢಿಯನ್ನು ತಡೆದು ನಿಲ್ಲಿಸುತ್ತದೆ. ಸಿಕ್ಕ ಸಹಾಯದಿಂದ ಟ್ರೈನು ತಪ್ಪದೆ ಸಿಕ್ಕಿತು ಎಂಬಷ್ಟಕ್ಕೆ ದೇವರ ನಡೆಸುವಿಕೆ ಮುಗಿಯುವುದಿಲ್ಲ. ಅದರ ಉದ್ದ ನಮ್ಮ ಆ ದಿನದ ಪ್ರಯಾಣಕ್ಕಿಂತ ಬಹಳ ದೊಡ್ಡದು.

ಕಥೋಲಿಕರ ಬೈಬಲಿನಲ್ಲಿರುವ ತೊಬೀತನ ಪುಸ್ತಕದಲ್ಲಿ ಇದೇ ನಂಬಿಕೆ ಇನ್ನೊಂದು ರೂಪದಲ್ಲಿದೆ. ಯುವಕ ತೊಬಿಯ ದೂರದ ಊರಿಗೆ ಹೊರಟಾಗ, ದಾರಿ ಬಲ್ಲೆನೆಂದು ಹೇಳುವ ಒಬ್ಬನನ್ನು ದಿನಗೂಲಿಗೆ ಗೊತ್ತುಮಾಡಿಕೊಳ್ಳುತ್ತಾರೆ. ಪ್ರಯಾಣ ಮುಗಿದು ಕೂಲಿ ಕೊಡುವ ಹೊತ್ತಿಗೆ ಅವನು ದೇವದೂತ ರಫಾಯೇಲ ಎಂದು ತಿಳಿಯುತ್ತದೆ. ಅವನನ್ನು ಪ್ರಯಾಣಿಕರ ಪಾಲಕನೆಂದು ಕಥೋಲಿಕರು ಇಂದಿಗೂ ನೆನೆಯುತ್ತಾರೆ.

ದೇವರು ಆರಿಸುವ ಕೈಗಳು

ಈ ಕತೆಗಳಲ್ಲಿ ಸಹಾಯ ಮಾಡುವವರು ಯಾರು ಎಂದು ಪಟ್ಟಿ ಮಾಡಿದರೆ ನಂಬುವವರಿಗೇ ಮುಜುಗರವಾಗಬೇಕು. ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟವಳು ಸೀದೋನಿಗೆ ಸೇರಿದ ಚಾರೆಪ್ತ ಊರಿನ ವಿಧವೆ. ಅವನನ್ನು ಕೊಲ್ಲಿಸುತ್ತೇನೆಂದು ಆಣೆಯಿಟ್ಟ ರಾಣಿ ಈಜೆಬೆಲಳೂ ಸೀದೋನಿನ ಅರಸನ ಮಗಳೇ. ಯೇಸು ನಜರೇತಿನ ಸಭಾಮಂದಿರದಲ್ಲಿ ಇದೇ ವಿಧವೆಯನ್ನು ಎತ್ತಿ ಹೇಳಿದಾಗ ಊರವರು ಸಿಟ್ಟಿಗೆದ್ದು ಆತನನ್ನು ಗುಡ್ಡದಿಂದ ದೊಬ್ಬಲು ಎಳೆದೊಯ್ದರು. ನಮ್ಮವರಲ್ಲದವರ ಕೈಯಿಂದ ದೇವರು ಉಣಿಸುತ್ತಾನೆ ಎಂಬ ಮಾತು ಅಂದೂ ಅಷ್ಟು ಕಹಿಯಾಗಿತ್ತು.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ ಸುಮಾರು 1000 ಮೀಟರಿನಷ್ಟು ಕೆಳಕ್ಕೆ ಇಳಿಯುತ್ತದೆ, ಬೋಳು ಗುಡ್ಡಗಳ ನಡುವೆ. ಯೇಸುವಿನ ಸಾಮ್ಯದಲ್ಲಿ ಕಳ್ಳರು ಹೊಡೆದು ಹಾಕಿದ ಮನುಷ್ಯ ಆ ದಾರಿಯಲ್ಲಿ ಅರೆಜೀವವಾಗಿ ಬಿದ್ದಿರುತ್ತಾನೆ. ಯಾಜಕ ನೋಡಿ ಮಗ್ಗುಲಾಗಿ ಹೋದ, ದೇವಾಲಯದ ಸೇವೆಗೆ ಸೇರಿದ ಲೇವಿಯನೂ ಹೋದ. ನಿಂತವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನಾಂಗದವನು. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ, ತನ್ನ ಪಶುವಿನ ಮೇಲೆ ಕೂರಿಸಿ ತಾನು ನಡೆದ, ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಎರಡು ದಿನದ ಕೂಲಿ ಅದು. ಇನ್ನೂ ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದ. ಗಾಯಗೊಂಡವನ ಕಣ್ಣಿನಿಂದ ಈ ಕತೆಯನ್ನು ನೋಡಿದರೆ ದೇವರು ಕಳಿಸಿದ ಸಹಾಯ ತಾನು ಮುಟ್ಟಿಸಿಕೊಳ್ಳಲೂ ಒಲ್ಲದವನ ಕೈಯಲ್ಲಿತ್ತು.

ನಮ್ಮ ಕಡೆಯೂ ಇದು ಕಾಣದ್ದಲ್ಲ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಬೆಂಗಳೂರಿನಿಂದ ವೇಳಾಂಗಣ್ಣಿಗೆ ಕಾವಿ ಬಟ್ಟೆ ತೊಟ್ಟು 400 ಕಿ.ಮೀ. ಆಸುಪಾಸಿನ ದಾರಿಯನ್ನು ಕಾಲ್ನಡಿಗೆಯಲ್ಲಿ ಹೋಗುವವರಿದ್ದಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಊಟ, ಮಲಗಲು ಜಗಲಿ ಕೊಡುವವರೆಲ್ಲ ಕ್ರೈಸ್ತರಲ್ಲ. ವೇಳಾಂಗಣ್ಣಿಯ ಪರಂಪರೆಯ ಕತೆಯೇ ಹಾಲು ಒಯ್ಯುತ್ತಿದ್ದ ಒಬ್ಬ ಹುಡುಗನ ಮುಂದೆ ಗುರುತಿಲ್ಲದ ಒಬ್ಬ ತಾಯಿ ಬಂದು ತನ್ನ ಮಗುವಿಗೆ ಹಾಲು ಕೇಳಿದಳು ಎಂದು ಶುರುವಾಗುತ್ತದೆ. ಅವನು ಕೊಟ್ಟ. ಅಲ್ಲಿ ದಾರಿಯಲ್ಲಿ ಕೈಯೊಡ್ಡಿದವಳೇ ದೇವರ ಕಡೆಯವಳು.

ಯಾರೂ ಬಾರದ ರಾತ್ರಿ

ಎರಡನೆಯ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಮಾಲ್ಟಾದಲ್ಲಿ ಬೆಂಕಿ ಕಾಯಿಸಿಕೊಂಡ ಪೌಲನೇ, ಅದಕ್ಕೆ ಮೊದಲು ಕೊರಿಂಥದವರಿಗೆ ಬರೆದ ಪತ್ರದಲ್ಲಿ ತನ್ನ ಪ್ರಯಾಣಗಳ ಕಷ್ಟಗಳನ್ನು ಎಣಿಸುತ್ತಾನೆ. ಮೂರು ಸಲ ಹಡಗು ಒಡೆಯಿತು, ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲೇ ಕಳೆದೆ, ಹೊಳೆಗಳ ಅಪಾಯ, ಕಳ್ಳರ ಅಪಾಯ, ಹಸಿವು, ಚಳಿ, ಬಟ್ಟೆಯಿಲ್ಲದಿರುವುದು. ಆ ಪಟ್ಟಿಯಲ್ಲಿ ಬೆಂಕಿ ಹಾಕಿ ಕರೆದವರ ಸುಳಿವಿಲ್ಲ. ದೇವರು ಆಗ ಅವನನ್ನು ಬಿಟ್ಟಿದ್ದ ಎಂದು ಅವನು ಹೇಳುವುದಿಲ್ಲ, ಆಗಲೂ ಯಾರೋ ಬಂದರು ಎಂದು ಕತೆ ಕಟ್ಟುವುದೂ ಇಲ್ಲ.

ಕ್ರೈಸ್ತ ನಂಬಿಕೆಯ ನಡುವೆ ಇರುವುದು ಶಿಲುಬೆ. ಅಲ್ಲಿ ಯೇಸು “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?” ಎಂದು ಕೂಗಿದ್ದಾನೆ. ಯಾರೂ ಇಳಿಸಲು ಬರಲಿಲ್ಲ. ಹಾಗಾಗಿ ಸಹಾಯ ಸಿಗದವರ ನಂಬಿಕೆ ಕಡಿಮೆ, ಸಿಕ್ಕವರ ನಂಬಿಕೆ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಕ್ಷಿ ಹೇಳುವಾಗ ಕೂಟದಲ್ಲಿ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಕೂತಿರಬಹುದು. “ನನ್ನ ಪ್ರಾರ್ಥನೆ ಕೇಳಿ ದೇವರು ಆಳು ಕಳಿಸಿದ” ಎಂಬ ಮಾತು ಆಕೆಯ ಕಿವಿಗೆ ಹೇಗೆ ಬೀಳುತ್ತದೆ ಎಂದು ಯೋಚಿಸಿಯೇ ಬಾಯಿ ತೆರೆಯಬೇಕು.

ಮಗ್ಗುಲಾಗಿ ಹೋದ ಯಾಜಕನ ವಿಷಯವನ್ನೂ ಮರೆಯುವಂತಿಲ್ಲ. ಸಹಾಯ ಬಾರದಿದ್ದಾಗ ಅದು ಯಾವಾಗಲೂ ದೇವರ ಮೌನವೇ ಆಗಿರಬೇಕೆಂದಿಲ್ಲ. ಕೆಲವು ಸಲ ಹೋಗಬೇಕಾದವರು ಹೋಗಲಿಲ್ಲ. ಮನುಷ್ಯರ ಮೂಲಕ ನಡೆಸುವ ದೇವರು ಮನುಷ್ಯರ ಕೈಗೆ ನಿಜವಾದ ಕೆಲಸ ಕೊಟ್ಟಿದ್ದಾನೆ ಎಂದಾದರೆ, ಆ ಕೈ ಹಿಂದೆ ಸರಿದಾಗ ನಿಜವಾದ ನಷ್ಟವೂ ಆಗುತ್ತದೆ. ಅಕ್ವಿನಾಸ್ ಹೇಳಿದ ಘನತೆಯ ಇನ್ನೊಂದು ಮುಖ ಇದು.

ಪಡೆದವರು ಬಾಗಿಲು ತೆರೆದದ್ದು

ಈ ನಂಬಿಕೆ ಮಾತಿನಲ್ಲಷ್ಟೇ ಉಳಿಯಲಿಲ್ಲ ಎಂಬುದಕ್ಕೆ ಚರಿತ್ರೆ ಇದೆ. “ನಾನು ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ” ಎಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದನ್ನೂ, ಅತಿಥಿಸತ್ಕಾರ ಮಾಡಿ ಕೆಲವರು ತಿಳಿಯದೆ ದೇವದೂತರನ್ನೇ ಸತ್ಕರಿಸಿದ್ದಾರೆಂದು ಇಬ್ರಿಯರಿಗೆ ಬರೆದ ಪತ್ರ ನೆನಪಿಸಿದ್ದನ್ನೂ ಆದಿ ಸಭೆ ಅಕ್ಷರಶಃ ತೆಗೆದುಕೊಂಡಿತು. ಎಷ್ಟು ಅಕ್ಷರಶಃ ಎಂದರೆ ಮೋಸಹೋಗುವ ಭಯವೂ ಹುಟ್ಟಿತು. ದಿದಾಖೆ ಎಂಬ ಬಹಳ ಹಳೆಯ ಕ್ರೈಸ್ತ ಕೈಪಿಡಿಯಲ್ಲಿ ಅದಕ್ಕೆ ನಿಯಮಗಳಿವೆ. ಊರೂರು ತಿರುಗುವ ಬೋಧಕ ಬಂದರೆ ಒಂದು ದಿನ, ಬೇಕಾದರೆ ಎರಡು ದಿನ ಇರಲಿ. ಮೂರು ದಿನ ಕೂತರೆ ಅವನು ಸುಳ್ಳು ಪ್ರವಾದಿ. ಸಾಮಾನ್ಯ ಪ್ರಯಾಣಿಕನಿಗೆ ಎರಡು ಮೂರು ದಿನ ಸಹಾಯ ಮಾಡಿ. ನೆಲೆ ನಿಲ್ಲುವುದಾದರೆ ದುಡಿದು ತಿನ್ನಲಿ. ದಯೆ ಮತ್ತು ಎಚ್ಚರ ಎರಡನ್ನೂ ಒಟ್ಟಿಗೆ ಹಿಡಿದ ಈ ನಿಯಮಗಳಲ್ಲಿ ಸಾಕಷ್ಟು ಅನುಭವ ಇದೆ.

ನಾಲ್ಕನೇ ಶತಮಾನದಲ್ಲಿ ಇನ್ನೊಂದು ಕೈಸರೈಯದ ಬಿಷಪ್ ಬಸಿಲ್, ಇಂದಿನ ತುರ್ಕಿಯಲ್ಲಿರುವ ಕಪ್ಪದೋಕ್ಯದಲ್ಲಿ, ಬಡವರಿಗೆ, ರೋಗಿಗಳಿಗೆ, ದಾರಿಹೋಕರಿಗೆ ಊರಾಚೆ ದೊಡ್ಡ ಆಶ್ರಯಧಾಮವನ್ನೇ ಕಟ್ಟಿಸಿದ. ಆಲ್ಪ್ಸ್ ಪರ್ವತದಲ್ಲಿ 2469 ಮೀಟರ್ ಎತ್ತರದ ಕಣಿವೆದಾರಿಯಲ್ಲಿ 11ನೇ ಶತಮಾನದಲ್ಲಿ ಬರ್ನಾರ್ಡ್ ಎಂಬ ಸಂತ ಛತ್ರ ತೆರೆದ. ಹಿಮದಲ್ಲಿ ದಾರಿತಪ್ಪಿದವರನ್ನು ಹುಡುಕಲು ಅಲ್ಲಿನ ಸನ್ಯಾಸಿಗಳು ಸಾಕಿದ ನಾಯಿಗಳೇ ಇಂದು ಸೇಂಟ್ ಬರ್ನಾರ್ಡ್ ತಳಿ. ಆ ಛತ್ರ ಇನ್ನೂ ನಡೆಯುತ್ತಿದೆ. ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿಯಲ್ಲಿ ಕಲ್ಲು, ಮರ, ಗೋಡೆಗಳ ಮೇಲೆ ಹಳದಿ ಬಾಣದ ಗುರುತುಗಳಿವೆ. 1984ರಲ್ಲಿ ಎಲಿಯಾಸ್ ವಾಲಿನ್ಯಾ ಎಂಬ ಹಳ್ಳಿ ಪಾದ್ರಿ ಬಣ್ಣದ ಡಬ್ಬಿ ಹಿಡಿದು ಅವುಗಳನ್ನು ಬರೆಯಲು ಶುರುಮಾಡಿದರು. 1989ರಲ್ಲಿ ಅವರು ತೀರಿಕೊಂಡರು. ಈಗ ವರ್ಷಕ್ಕೆ ಲಕ್ಷಾಂತರ ಜನ, ಅವರ ಹೆಸರು ಕೂಡ ಕೇಳದವರು, ಆ ಬಾಣಗಳನ್ನು ನೋಡಿಕೊಂಡು ದಾರಿ ತಪ್ಪದೆ ನಡೆಯುತ್ತಾರೆ. ಶೆಕೆಮಿನ ಆ ಮನುಷ್ಯನ ಸಾಲಿಗೆ ಇವರನ್ನೂ ಸೇರಿಸಬೇಕು.

ಆರನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿಯ 53ನೇ ಅಧ್ಯಾಯ ಪೂರ್ತಿ ಅತಿಥಿಗಳ ಬಗ್ಗೆ. ಬರುವ ಪ್ರತಿಯೊಬ್ಬರನ್ನೂ ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು ಎಂದು ಅದು ಆರಂಭವಾಗುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮುಂದಿನ ಒಂದು ಸೂಚನೆ. ಬಡವರನ್ನೂ ಯಾತ್ರಿಕರನ್ನೂ ಎಲ್ಲರಿಗಿಂತ ಹೆಚ್ಚು ಕಾಳಜಿಯಿಂದ ನೋಡಿಕೊಳ್ಳಿ, ಅವರಲ್ಲಿಯೇ ಕ್ರಿಸ್ತ ಹೆಚ್ಚಾಗಿ ಬರುತ್ತಾನೆ. ಶ್ರೀಮಂತರಿಗಾದರೋ, ಅವರನ್ನು ಕಂಡರೆ ಇರುವ ಅಂಜಿಕೆಯೇ ಮರ್ಯಾದೆ ದೊರಕಿಸಿಕೊಡುತ್ತದೆ ಎನ್ನುತ್ತಾನೆ ಬೆನೆಡಿಕ್ಟ್. ಒಡಿಶಾದಿಂದಲೋ ಬಿಹಾರದಿಂದಲೋ ಕಟ್ಟಡ ಕೆಲಸಕ್ಕೆಂದು ಬಂದು, ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಬೋರ್ಡು ಓದಲಾಗದೆ, ಚೀಟಿಯಲ್ಲಿ ಬರೆಸಿಕೊಂಡ ವಿಳಾಸವನ್ನು ಹಿಡಿದು ನಿಂತ ಹುಡುಗನಿಗೆ ಆ ಸೂಚನೆ ನೇರವಾಗಿ ಸಲ್ಲುತ್ತದೆ. ಅವನಿಗೆ ಬಸ್ಸಿನ ನಂಬರು ಹೇಳಿದರೆ ಸಾಲದು. ಕಂಡಕ್ಟರಿಗೆ ಕನ್ನಡದಲ್ಲಿ ಒಂದು ಮಾತು ಹೇಳಿ, ಎಲ್ಲಿ ಇಳಿಸಬೇಕೆಂದು ತಿಳಿಸಿ, ಅವನನ್ನು ಹತ್ತಿಸಿಯೇ ಬರಬೇಕು.